ಮಗಳಿಗೆ ತರಿಸಿದ ಕಲ್ಲಿನ ಕಿಟ್: ಎರಡು ತಿಂಗಳು ಬಳಸಿದ ಮೇಲೆ

ಕಿಟ್ ಬಂದ ದಿನ ನಮ್ಮತ್ತೆ ಡಬ್ಬ ತೆಗೆದು ನೋಡಿ, "ಅಲ್ಲಮ್ಮಾ, ದುರ್ಗದಲ್ಲಿ ಇದ್ಕೊಂಡು ಕಲ್ಲಿಗೆ ದುಡ್ಡು ಕೊಟ್ಟು ತರಿಸಿದ್ಯಾ?" ಎಂದರು. ನ್ಯಾಯವಾದ ಪ್ರಶ್ನೆ. ನಮ್ಮದು ಚಿತ್ರದುರ್ಗ, ಮನೆ ಮಹಡಿ ಹತ್ತಿದರೆ ಕೋಟೆ ಕಾಣುತ್ತದೆ, ಎತ್ತ ತಿರುಗಿದರೂ ಬಂಡೆ. ಹಾಗಾಗಿ ಈ ರಿವ್ಯೂ ಬರೆಯುವಾಗ ಅವರ ಪ್ರಶ್ನೆಯನ್ನೇ ತಲೆಯಲ್ಲಿ ಇಟ್ಟುಕೊಂಡಿದ್ದೇನೆ. 899 ರೂಪಾಯಿಗೆ ನಮಗೆ ಸಿಕ್ಕಿದ್ದೇನು, ಅದರಲ್ಲಿ ಯಾವುದು ಊರಲ್ಲೇ ಪುಕ್ಕಟೆ ಸಿಗುತ್ತಿತ್ತು, ಎರಡನ್ನೂ ಬರೆಯುತ್ತೇನೆ.

ಕಂಪನಿ ಹೆಸರು ಹಾಕುತ್ತಿಲ್ಲ. ಇದೇ ಡಬ್ಬ, ಇದೇ ಕಲ್ಲು, ಇದೇ ಬಣ್ಣ ನಾಲ್ಕೈದು ಹೆಸರಲ್ಲಿ ಆನ್‌ಲೈನಲ್ಲಿ ಮಾರಾಟಕ್ಕಿವೆ. ಒಳಗೆ ಏನಿದೆ ಎಂದು ನೋಡಿಕೊಂಡರೆ ನಿಮಗೇ ಗೊತ್ತಾಗುತ್ತದೆ.

ತರಿಸಿದ ಕಾರಣ ಮಗಳು. ಮೂರನೇ ಕ್ಲಾಸು. ಸ್ಕೂಲ್ ಬ್ಯಾಗಿನ ನೀರಿನ ಬಾಟಲಿ ಇಡುವ ಜಾಗದಲ್ಲಿ ದಿನಾ ಒಂದೆರಡು ಕಲ್ಲು ಇರುತ್ತವೆ. "ಅಮ್ಮ, ಇದು ಯಾವ ಕಲ್ಲು? ಇದ್ಯಾಕೆ ಹೊಳೀತದೆ?" ಎಂದು ಕೇಳಿದರೆ ನನಗೆ ಉತ್ತರ ಗೊತ್ತಿರುತ್ತಿರಲಿಲ್ಲ. ಸುಮ್ನೆ ಕಲ್ಲು ಕಣೇ ಎಂದು ಎಷ್ಟು ದಿನ ಹೇಳುವುದು?

ಡಬ್ಬದಲ್ಲಿ ಹನ್ನೆರಡು ಗುಳಿಗಳಿರುವ ಒಂದು ಟ್ರೇ, ಒಂದೊಂದರಲ್ಲಿ ಒಂದು ಕಲ್ಲು. ಗ್ರಾನೈಟ್, ಬಸಾಲ್ಟ್, ಪ್ಯೂಮಿಸ್, ಮರಳುಗಲ್ಲು, ಸುಣ್ಣದ ಕಲ್ಲು, ಸ್ಲೇಟು, ಅಮೃತಶಿಲೆ, ಬೆಣಚುಕಲ್ಲು, ಅಭ್ರಕ, ಬಳಪದ ಕಲ್ಲು, ಹೆಮಟೈಟ್, ಮ್ಯಾಗ್ನಟೈಟ್. ಜೊತೆಗೆ ಒಂದು ಭೂತಗನ್ನಡಿ, ಒಂದು ಅಯಸ್ಕಾಂತ, ಹೊಳಪಿಲ್ಲದ ಒಂದು ಬಿಳಿ ಟೈಲ್ ಚೂರು. ಇದು ಒಂದು ಭಾಗ. ಇನ್ನೊಂದು ಭಾಗ ಪೇಂಟಿಂಗ್ ಸಾಮಾನು: ಆರು ಟ್ಯೂಬ್ ಅಕ್ರಿಲಿಕ್ ಬಣ್ಣ, ಎರಡು ಬ್ರಷ್, ನುಣುಪಾದ ನಾಲ್ಕು ಹೊಳೆಗಲ್ಲು. ಡಬ್ಬದ ಮೇಲಿನ ಚಿತ್ರ ಪೂರ್ತಿ ಪೇಂಟಿಂಗಿನದೇ. ಜನ ಅದನ್ನು ನೋಡಿಯೇ ಕೊಳ್ಳುತ್ತಾರೆ, ನಾನೂ ಅದನ್ನು ನೋಡಿಯೇ ಕೊಂಡೆ.

ಮೊದಲನೇ ಭಾನುವಾರ ಪೇಂಟಿಂಗಿಗೇ ಕೂತೆವು. ಮಗಳು ಒಂದೇ ಮಧ್ಯಾಹ್ನದಲ್ಲಿ ನಾಲ್ಕೂ ಕಲ್ಲು ಮುಗಿಸಿದಳು. ಒಂದು ಗೂಬೆ, ಒಂದು ಕಲ್ಲಂಗಡಿ ಹಣ್ಣು, ಎರಡು ಹುಳ. ಚೆನ್ನಾಗಿ ಬಂದವು, ಬಣ್ಣವೂ ಪರವಾಗಿಲ್ಲ, ಒಂದೇ ಸಲ ಹಚ್ಚಿದರೆ ಮುಚ್ಚುತ್ತದೆ. ಆದರೆ ಒಂದು ಬ್ರಷ್ಷಿನ ಕೂದಲು ಅವತ್ತೇ ಉದುರಲು ಶುರುವಾಯಿತು. ಕಲ್ಲನ್ನು ತೊಳೆದು ಒಂದು ದಿನ ಒಣಗಿಸಿ ಆಮೇಲೆ ಬಣ್ಣ ಹಚ್ಚಬೇಕು ಎಂದು ಎಲ್ಲೂ ಬರೆದಿಲ್ಲ. ನಾವು ಹಾಗೇ ಹಚ್ಚಿದೆವು, ವಾರದೊಳಗೆ ಗೂಬೆಯ ಒಂದು ಕಣ್ಣು ಸಿಪ್ಪೆಯಂತೆ ಎದ್ದು ಬಂತು. ನೀವು ಮಾಡುವುದಾದರೆ ಸೋಪು ಹಾಕಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಮೊದಲು ತೆಳುವಾಗಿ ಬಿಳಿ ಬಣ್ಣ ಹಚ್ಚಿ ಅದು ಪೂರಾ ಒಣಗಿದ ಮೇಲೆ ಮುಂದುವರಿಸಿ.

ನನಗೆ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಗೂಬೆ ಬರೆದ ಆ ಕಲ್ಲು ಯಾವ ಕಲ್ಲು ಎಂದು ಸಂಜೆ ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ, ಬೇಕೂ ಆಗಿರಲಿಲ್ಲ. ಬಣ್ಣ ಕಲ್ಲನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ಅದರ ಜಾಗದಲ್ಲಿ ಒಂದು ಲೋಟ ಇದ್ದಿದ್ದರೂ ಅವಳು ಅದೇ ಗೂಬೆ ಬರೆಯುತ್ತಿದ್ದಳು. ಮಗುವಿಗೆ ಬಣ್ಣ ಹಚ್ಚುವ ಖುಷಿ ಸಿಕ್ಕಿತು, ಅದು ದೊಡ್ಡದೇ. ಆದರೆ ಕಲ್ಲಿನ ಬಗ್ಗೆ ಕಲಿಯಲಿ ಎಂದು ತರಿಸಿದ್ದರೆ ಡಬ್ಬದ ಈ ಭಾಗದಿಂದ ಏನೂ ಆಗುವುದಿಲ್ಲ.

ಆಗಿದ್ದೆಲ್ಲಾ ಆ ಬಿಳಿ ಟೈಲ್ ಚೂರಿನಿಂದ.

ಮಳೆ ಬಂದು ಹೊರಗೆ ಆಡಲು ಹೋಗದ ಒಂದು ಸಂಜೆ, ಅವಳು ಹೆಮಟೈಟ್ ಎತ್ತಿಕೊಂಡು ಕೂತಿದ್ದಳು. ಅಂಗೈ ಅಗಲದ ಕಲ್ಲೂ ಅಲ್ಲ, ನೆಲ್ಲಿಕಾಯಿ ಗಾತ್ರದ್ದು, ಆದರೆ ಕೈಗೆ ಭಾರ ಗೊತ್ತಾಗುತ್ತದೆ. ಬಣ್ಣ ಕಪ್ಪು, ಸ್ವಲ್ಪ ಉಕ್ಕಿನ ಹೊಳಪು. ಟೈಲಿನ ಮೇಲೆ ಒತ್ತಿ ಎಳೆ ಎಂದು ಕಿಟ್ ಜೊತೆ ಬಂದ ಚೀಟಿಯಲ್ಲಿ ಬರೆದಿತ್ತು. ಎಳೆದಳು. ಕಪ್ಪು ಕಲ್ಲಿನಿಂದ ಕೆಂಪು ಗೆರೆ ಬಂತು. ಅವಳು ಕೈ ತಿರುಗಿಸಿ ಬೆರಳಿಗೆ ಗಾಯವಾಗಿದೆಯಾ ಎಂದು ನೋಡಿಕೊಂಡಳು. ಮತ್ತೆ ಎಳೆದಳು, ಮತ್ತೆ ಕೆಂಪು. ಬೆರಳಲ್ಲಿ ಒರೆಸಿದರೆ ಬೆರಳೂ ಕೆಂಪು. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿ, "ಇದು ಕೆಮ್ಮಣ್ಣು ಅಲ್ವೇನೇ ಪುಟ್ಟಿ? ಹಬ್ಬಕ್ಕೆ ತುಳಸಿಕಟ್ಟೆಗೆ ಬಳೀತೀವಲ್ಲ, ಅದೇ ಬಣ್ಣ" ಎಂದರು.

ಅದೇ ಬಣ್ಣ, ಎರಡರಲ್ಲೂ ಇರುವುದು ಕಬ್ಬಿಣವೇ. ಕಬ್ಬಿಣ ಆಮ್ಲಜನಕದ ಜೊತೆ ಸೇರಿ ಆಗುವ ಆಕ್ಸೈಡ್ ಕೆಂಪು. ಗಟ್ಟಿ ಕಲ್ಲಾಗಿದ್ದಾಗ ಕಪ್ಪಗೆ ಕಾಣುತ್ತದೆ, ಪುಡಿಯಾದಾಗ ತನ್ನ ನಿಜವಾದ ಬಣ್ಣ ತೋರಿಸುತ್ತದೆ. ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಧೂಳು ಕೆಂಪಗೆ ಇರುವುದೂ ಇದಕ್ಕೇ ಎಂದು ಹೇಳಿದಾಗ ಅವಳಿಗೆ ತಕ್ಷಣ ಹೊಳೆಯಿತು, ಆ ರಸ್ತೆ ಅವಳು ನೋಡಿದ್ದಾಳೆ. ಆಮೇಲೆ ಮ್ಯಾಗ್ನಟೈಟ್ ಎಳೆದಳು. ನೋಡಲು ಅದೂ ಕಪ್ಪೇ, ಆದರೆ ಗೆರೆಯೂ ಕಪ್ಪು ಬಂತು, ಅಯಸ್ಕಾಂತ ತಂದರೆ ಟಕ್ ಎಂದು ಅಂಟಿಕೊಂಡಿತು. ಹೊರಗಿನಿಂದ ಅವಳಿ ಮಕ್ಕಳಂತೆ ಇರುವ ಎರಡು ಕಲ್ಲನ್ನು ಎಂಟು ವರ್ಷದ ಹುಡುಗಿ ತಾನೇ ಬೇರೆ ಮಾಡಿದಳು. ಅವತ್ತು ಮನೆಯಲ್ಲಿರುವುದನ್ನೆಲ್ಲ ಆ ಟೈಲಿನ ಮೇಲೆ ಎಳೆದಾಯಿತು, ಇದ್ದಿಲು, ಇಟ್ಟಿಗೆ ಚೂರು, ಹೂಕುಂಡದ ಬೋಕಿ, ಎಲ್ಲಾ.

ಅಲ್ಲಿಂದ ಪೇಂಟಿಂಗ್ ಮತ್ತೆ ಬಂತು, ಬೇರೆ ದಾರಿಯಲ್ಲಿ. "ಹಂಗಾದ್ರೆ ಕಲ್ಲಿಂದ ಬಣ್ಣ ಮಾಡಬಹುದಾ?" ಎಂದು ಕೇಳಿದಳು. ಚೀಟಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ, ಇರಬೇಕಿತ್ತು. ನಾವು ಮಾಡಿದ ರೀತಿ ಹೇಳುತ್ತೇನೆ. ಗ್ರಂಧಿಗೆ ಅಂಗಡಿಯಿಂದ ಕೆಮ್ಮಣ್ಣಿನ ಹೆಂಟೆ ತಂದೆವು. ಮೊದಲು ಒದ್ದೆ ಮಾಡಿ ಆಮೇಲೆ ಕುಟ್ಟಿದೆವು. ಒಣಗಿದ್ದನ್ನು ಕುಟ್ಟಬೇಡಿ, ಕಲ್ಲಿನ ಧೂಳು ಮಕ್ಕಳ ಎದೆಗೆ ಒಳ್ಳೆಯದಲ್ಲ. ಗಟ್ಟಿ ಕಲ್ಲು ಒಡೆಯುವ ಕೆಲಸ ದೊಡ್ಡವರೇ ಮಾಡಬೇಕು, ಕಣ್ಣಿಗೆ ಕನ್ನಡಕ ಇರಲಿ, ಕಲ್ಲಿನ ಮೇಲೆ ಗೋಣಿ ಬಟ್ಟೆ ಹಾಕಿ. ಕುಟ್ಟಿದ್ದನ್ನು ಒಂದು ಚೊಂಬು ನೀರಲ್ಲಿ ಕದಡಿ ಸ್ವಲ್ಪ ಹೊತ್ತು ಬಿಟ್ಟರೆ ಮರಳು ಕೆಳಗೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಸಿದು ರಾತ್ರಿಯಿಡೀ ಅಲ್ಲಾಡಿಸದೆ ಇಡಬೇಕು. ಬೆಳಿಗ್ಗೆ ತಿಳಿನೀರು ಚೆಲ್ಲಿದರೆ ತಳದಲ್ಲಿ ಕೆನೆಯಂತೆ ನುಣ್ಣಗಿನ ಕೆಸರು, ಅದೇ ಬಣ್ಣ.

ಅಂಟಿಗೆ ಅಂಟಿನುಂಡೆಗೆ ಹಾಕುವ ಅಂಟನ್ನೇ ಬಳಸಿದೆವು. ಎರಡು ಹರಳು, ಬಿಸಿನೀರಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಕೆಸರಿಗೆ ಕಲಸಿದರೆ ಬಣ್ಣ ಒಣಗಿದ ಮೇಲೆ ಕೈಗೆ ಹತ್ತುವುದಿಲ್ಲ. ಕಪ್ಪಿಗೆ ಇದ್ದಿಲು, ಬಿಳಿಗೆ ರಂಗೋಲಿ ಹಿಟ್ಟು. ಸುಣ್ಣ ಬೇಡ, ಹಸಿ ಸುಣ್ಣ ಮಕ್ಕಳ ಕೈ, ಕಣ್ಣು ಸುಡುತ್ತದೆ. ಈ ಮೂರು ಬಣ್ಣದಲ್ಲಿ, ಮನೆ ಕಟ್ಟುವಾಗ ಉಳಿದಿದ್ದ ಕಡಪ ಕಲ್ಲಿನ ತುಂಡಿನ ಮೇಲೆ ಅವಳು ಬರೆದ ಆನೆ ಈಗ ನಮ್ಮ ನಡುಮನೆಯಲ್ಲಿದೆ. ಸಾವಿರಾರು ವರ್ಷದ ಹಿಂದೆ ಗುಹೆಗಳಲ್ಲಿ ಚಿತ್ರ ಬರೆದವರೂ ಹೀಗೇ ಕೆಂಪು ಮಣ್ಣು, ಇದ್ದಿಲು ಬಳಸಿದ್ದರು. ನಮ್ಮ ಊರಿಗೆ ಚಿತ್ರಕಲ್ದುರ್ಗ ಎಂಬ ಹೆಸರೂ ಇತ್ತು ಅಂದಾಗ ಆನೆಯ ಕೆಳಗೆ ಅದನ್ನೂ ಬರೆದಳು.

ನಾನು ಅಂದುಕೊಂಡೇ ಇರದ ಒಂದು ಲಾಭ ಇದರಿಂದ ಆಯಿತು. ಮರಳು ಕೆಳಗೆ, ನಯವಾದದ್ದು ಮೇಲೆ ಕೂರುವುದನ್ನು ಚೊಂಬಿನಲ್ಲಿ ನೋಡಿದ ಮೇಲೆ ಪದರು ಶಿಲೆ ಹೇಗೆ ಆಗುತ್ತದೆ ಎಂದು ಹೇಳಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಹೊಳೆ ತಂದ ಮರಳು, ಮಣ್ಣು ಹೀಗೇ ಪದರ ಪದರವಾಗಿ ಕೂತು, ಮೇಲಿನ ಭಾರಕ್ಕೆ ಒತ್ತಿಕೊಂಡು ಕಲ್ಲಾಗುತ್ತದೆ. ಟ್ರೇಯಲ್ಲಿರುವ ಮರಳುಗಲ್ಲನ್ನು ಉಜ್ಜಿದರೆ ಕೈಗೆ ಮರಳೇ ಸಿಗುತ್ತದೆ, ಬಾದಾಮಿಯ ಗುಹೆಗಳು ಈ ಜಾತಿಯ ಕಲ್ಲಿನವು.

ಇನ್ನು ಗೀರುವ ಪರೀಕ್ಷೆ. 1812ರಲ್ಲಿ ಜರ್ಮನಿಯ ಫ್ರೆಡ್ರಿಕ್ ಮೋಹ್ಸ್ ಎಂಬುವರು ಖನಿಜಗಳ ಗಡಸುತನಕ್ಕೆ ಒಂದರಿಂದ ಹತ್ತರವರೆಗೆ ಅಳತೆ ಮಾಡಿದರು. ಟಾಲ್ಕ್ ಒಂದು, ವಜ್ರ ಹತ್ತು. ನಮ್ಮ ಉಗುರು ಎರಡೂವರೆ, ಗಾಜು ಐದೂವರೆ, ಬೆಣಚುಕಲ್ಲು ಏಳು. ಗಡಸು ಇರುವುದು ಮೆತ್ತಗಿರುವುದನ್ನು ಗೀರುತ್ತದೆ, ಅಷ್ಟೇ ನಿಯಮ. ಬಳಪದ ಕಲ್ಲಿನ ಮೇಲೆ ಮಗಳ ಉಗುರೇ ಗೆರೆ ಹಾಕಿತು. ಅತ್ತೆ ಆಗ ತಮ್ಮ ಸ್ಕೂಲಿನ ಸ್ಲೇಟು ಬಳಪದ ಕತೆ ತೆಗೆದರು. ಸ್ಲೇಟೂ ಕಲ್ಲು, ಬಳಪವೂ ಕಲ್ಲು, ಮೆತ್ತಗಿನ ಕಲ್ಲು ಗಟ್ಟಿ ಕಲ್ಲಿನ ಮೇಲೆ ಸವೆದು ಅಕ್ಷರ ಆಗುತ್ತಿತ್ತು ಅಲ್ವಾ? ಬೇಲೂರು ಹಳೇಬೀಡಿನ ಶಿಲ್ಪಿಗಳು ಅಷ್ಟು ನವುರಾಗಿ ಕೆತ್ತಲು ಆಗಿದ್ದು ಈ ಬಳಪದ ಕಲ್ಲಿನಿಂದಲೇ.

ಇಲ್ಲೇ ಕಿಟ್ಟಿನ ದೊಡ್ಡ ತಪ್ಪು ಸಿಕ್ಕಿದ್ದು. ಏಳನೇ ಗುಳಿಯಲ್ಲಿ ಅಮೃತಶಿಲೆ ಎಂದು ಬರೆದಿದ್ದ ಬಿಳಿ ಕಲ್ಲು. ಅಮೃತಶಿಲೆಯ ಗಡಸುತನ ಮೂರು, ಗಾಜನ್ನು ಗೀರಬಾರದು. ಹಳೇ ಹಾರ್ಲಿಕ್ಸ್ ಬಾಟಲಿಯ ಮೇಲೆ ಅವಳು ಎಳೆದಾಗ ಕಿರ್ ಎಂದು ಗೆರೆ ಬಿತ್ತು. "ಅಮ್ಮ, ಇದು ಸುಳ್ಳು ಹೇಳ್ತಿದೆ" ಎಂದಳು. ನಿಂಬೆರಸ ಹಾಕಿ ನೋಡೋಣ ಎಂದೆ. ಸುಣ್ಣದ ಕಲ್ಲಿನ ಪುಡಿಗೆ ನಿಂಬೆರಸ ಬಿಟ್ಟರೆ ಬುರುಬುರು ನೊರೆ ಬರುತ್ತದೆ, ಅದು ಇಂಗಾಲದ ಡೈಆಕ್ಸೈಡ್ ಗಾಳಿ. ಮೊಟ್ಟೆ ಚಿಪ್ಪಿಗೂ ಹಾಗೇ, ಸುಣ್ಣದ ಕಲ್ಲೇ ರೂಪಾಂತರವಾಗಿ ಆದ ಅಮೃತಶಿಲೆಗೂ ಹಾಗೇ. ಈ ಕಲ್ಲಿಗೆ ಒಂದು ಗುಳ್ಳೆಯೂ ಬರಲಿಲ್ಲ. ಎಂಟನೇ ಗುಳಿಯ ಬೆಣಚುಕಲ್ಲಿನ ಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಎರಡೂ ಒಂದೇ. ಬೆಣಚುಕಲ್ಲನ್ನೇ ಎರಡು ಹೆಸರಲ್ಲಿ ಕೊಟ್ಟಿದ್ದಾರೆ.

ಮಾರಿದವರಿಗೆ ಫೋಟೋ ಸಮೇತ ಬರೆದೆ. ನೈಸರ್ಗಿಕ ವಸ್ತು, ಸ್ವಲ್ಪ ವ್ಯತ್ಯಾಸ ಇರುತ್ತದೆ ಎಂದು ಮೊದಲ ಉತ್ತರ ಬಂತು. ಇದು ವ್ಯತ್ಯಾಸ ಅಲ್ಲ, ತಪ್ಪು ಕಲ್ಲು ಎಂದು ಮತ್ತೆ ಬರೆದ ಮೇಲೆ ಬೇರೆ ಕಳಿಸುತ್ತೇವೆ ಎಂದರು. ಹನ್ನೊಂದು ದಿನಕ್ಕೆ ಬಂತು, ಅದಕ್ಕೆ ನೊರೆ ಬರುತ್ತದೆ. ಕಳಿಸಿದ್ದು ಒಳ್ಳೆಯದೇ, ಆದರೆ ನಾವು ಪರೀಕ್ಷೆ ಮಾಡದೇ ಇದ್ದಿದ್ದರೆ ಮಗು ಜೀವನಪೂರ್ತಿ ಬೆಣಚನ್ನು ಅಮೃತಶಿಲೆ ಎಂದು ನಂಬಿಕೊಂಡಿರುತ್ತಿತ್ತಲ್ಲ. ಮಕ್ಕಳ ಸಾಮಾನಿನಲ್ಲಿ ಹೆಸರು ತಪ್ಪಬಾರದು. ಇದಕ್ಕೇ ನಾನು ಪೂರ್ತಿ ಒಂದು ನಕ್ಷತ್ರ ಕಡಿಮೆ ಮಾಡುತ್ತೇನೆ.

ಚೀಟಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ, ಕನ್ನಡ ಇಲ್ಲ. ನಾನು ಓದಿ ಹೇಳಬೇಕಾಯಿತು. ಬೆಣಚು, ಅಭ್ರಕ, ಬಳಪದ ಕಲ್ಲು ಎಂಬ ಹೆಸರುಗಳನ್ನೆಲ್ಲ ಟ್ರೇ ಮೇಲೆ ನಾವೇ ಬರೆದು ಅಂಟಿಸಿದೆವು, ಆಮೇಲೆ ಅತ್ತೆಯೂ ಆಟಕ್ಕೆ ಸೇರಿಕೊಂಡರು. ಅಭ್ರಕ ನೋಡಿ "ಕಾಗೆ ಬಂಗಾರ!" ಎಂದು ಅವರೇ ಮೊದಲು ಹೇಳಿದ್ದು.

ಚೀಟಿಯಲ್ಲಿರುವ ಮೇಣದ ಬಣ್ಣದ ಪ್ರಯೋಗ ಸುಮಾರಾಗಿದೆ. ಬಣ್ಣದ ಕಡ್ಡಿಗಳನ್ನು ತುರಿದು ಒತ್ತಿದರೆ ಪದರು ಶಿಲೆ, ಬಿಸಿನೀರಲ್ಲಿ ಮೆತ್ತಗೆ ಮಾಡಿ ಹಿಸುಕಿದರೆ ರೂಪಾಂತರ ಶಿಲೆ, ಪೂರ್ತಿ ಕರಗಿಸಿ ಆರಿಸಿದರೆ ಅಗ್ನಿಶಿಲೆ. ಮೂರು ಹೆಸರು ನೆನಪಿರುತ್ತದೆ, ಒಪ್ಪುತ್ತೇನೆ. ಆದರೆ ನಮ್ಮ ಅಡುಗೆ ಮನೆಯಲ್ಲಿ ಇದಕ್ಕಿಂತ ಚೆನ್ನಾಗಿ ಆಗುತ್ತದೆ. ಶೇಂಗಾ ಚಿಕ್ಕಿ ಮಾಡುವಾಗ ಪಾಕ ಬಂದಿದೆಯಾ ಎಂದು ನೋಡಲು ತಟ್ಟೆ ನೀರಿಗೆ ಒಂದು ಹನಿ ಬಿಡುತ್ತೇವಲ್ಲ, ಅದು ತಕ್ಷಣ ಹೊರಗೆ ಸಿಪ್ಪೆ ಕಟ್ಟಿಕೊಂಡು ಉಂಡೆಯಾಗಿ ಕೂರುತ್ತದೆ. ಬಿಸಿ ಲಾವಾ ನೀರಿನೊಳಗೆ ಉಕ್ಕಿದಾಗಲೂ ಹೀಗೇ ಆಗುತ್ತದೆ. ಬೇಗ ಆರಿದರೆ ಹರಳು ಬೆಳೆಯಲು ಸಮಯವೇ ಸಿಗುವುದಿಲ್ಲ, ಲಾವಾ ಆರಿ ಆದ ಬಸಾಲ್ಟ್‌ನಲ್ಲಿ ಕಾಳು ಕಣ್ಣಿಗೆ ಕಾಣದೇ ಇರುವುದು ಅದಕ್ಕೆ. ಕಲ್ಲುಸಕ್ಕರೆಯ ದೊಡ್ಡ ಹರಳು ನಿಧಾನಕ್ಕೆ, ದಿನಗಟ್ಟಲೆ ಬೆಳೆದದ್ದು. ಗ್ರಾನೈಟ್ ಭೂಮಿಯ ಒಳಗೆ ಬಹಳ ನಿಧಾನಕ್ಕೆ ಆರಿದ್ದರಿಂದಲೇ ಅದರ ಕಾಳು ದಪ್ಪ. ಮಗಳಿಗೆ ಕಲ್ಲುಸಕ್ಕರೆ ಒಂದು ಕೈಯಲ್ಲಿ, ಗ್ರಾನೈಟ್ ಒಂದು ಕೈಯಲ್ಲಿ ಕೊಟ್ಟೆ. ಬಿಸಿ ಪಾಕದ ಹತ್ತಿರ ಮಕ್ಕಳನ್ನು ಬಿಡಬೇಡಿ, ಹನಿ ನೀವೇ ಬಿಡಿ.

ಭೂತಗನ್ನಡಿ ತೆಗೆದುಕೊಂಡು ಕೋಟೆಗೆ ಹೋದ ದಿನ ಈ ಕಿಟ್ ತರಿಸಿದ್ದು ಸಾರ್ಥಕ ಅನ್ನಿಸಿತು. ಎಷ್ಟೋ ಸಲ ಹೋಗಿದ್ದೇವೆ, ಪ್ರತಿ ಸಲ ಒನಕೆ ಓಬವ್ವನ ಕಿಂಡಿ ನೋಡಿ, ಏಳು ಸುತ್ತಿನ ಕತೆ ಕೇಳಿ, ಫೋಟೋ ತೆಗೆದುಕೊಂಡು ಬರುತ್ತಿದ್ದೆವು. ಈ ಸಲ ಅವಳು ಮೊದಲ ಬಾಗಿಲು ದಾಟುವುದರೊಳಗೆ ಬಂಡೆಗೆ ಮೂಗು ತಾಗಿಸಿ ನಿಂತುಬಿಟ್ಟಳು. ಕನ್ನಡಿಯಲ್ಲಿ ಮೂರು ತರದ ಕಾಳು ಕಂಡವು: ಬೂದು ಬಣ್ಣದ ಗಾಜಿನಂಥದ್ದು ಬೆಣಚು, ಬಿಳಿ, ಅಲ್ಲಲ್ಲಿ ತಿಳಿ ಗುಲಾಬಿ ಇರುವುದು ಫೆಲ್ಡ್‌ಸ್ಪಾರ್, ಕರಿ ಚುಕ್ಕೆಯಂತೆ ಮಿನುಗುವುದು ಅಭ್ರಕ. ಟ್ರೇಯಲ್ಲಿದ್ದ ಬೆರಳುದ್ದದ ಗ್ರಾನೈಟ್ ತೋರಿಸಿದ್ದೇ ಇಲ್ಲಿ ಬೆಟ್ಟದಷ್ಟು ದೊಡ್ಡದಾಗಿ ನಿಂತಿದೆ. ಈ ಗ್ರಾನೈಟಿಗೆ ಸುಮಾರು 260 ಕೋಟಿ ವರ್ಷ. ಹೈದರಾಲಿ ಕೋಟೆ ಹಿಡಿದಿದ್ದು 1779ರಲ್ಲಿ, ಅದೇ ಅವಳಿಗೆ ಬಹಳ ಹಳೇ ಕಾಲ. 260 ಕೋಟಿ ಅಂದರೆ ಎಷ್ಟು ಸೊನ್ನೆ ಎಂದು ಮೆಟ್ಟಿಲ ಮೇಲೆ ಕೂತು ಬೆರಳಲ್ಲಿ ಬರೆದು ಎಣಿಸಿದಳು.

ಬಂಡೆಗಳು ಯಾಕೆ ಗುಂಡಗಿವೆ ಎಂದು ಕೇಳಿದಳು. ಬುತ್ತಿಗೆ ತಂದಿದ್ದ ಈರುಳ್ಳಿ ತೋರಿಸಿದೆ. ಬಿಸಿಲು, ಮಳೆಗೆ ಬಂಡೆಯ ಮೂಲೆಗಳು ಮೊದಲು ಸವೆಯುತ್ತವೆ, ಆಮೇಲೆ ಹೊರಗಿನ ಪದರ ಈರುಳ್ಳಿ ಸಿಪ್ಪೆಯಂತೆ ಕಳಚುತ್ತಾ ಬರುತ್ತದೆ. ಒಂದು ಬಂಡೆಯ ಹೊಟ್ಟೆಯ ಮೇಲೆ ಅಂಥ ಸಿಪ್ಪೆ ಅರ್ಧ ಎದ್ದು ನಿಂತಿತ್ತು, ಎರಡು ಬೆರಳು ದಪ್ಪ. ಅವಳು ಅದರ ಸಂದಿಯಲ್ಲಿ ಕಣ್ಣಿಟ್ಟು ನೋಡಿದಳು. ಒಂದು ಮಾತು ಕಳಕಳಿಯಿಂದ ಹೇಳುತ್ತೇನೆ, ಕೋಟೆಯಲ್ಲಿ ಒಂದು ಚೂರನ್ನೂ ಕೀಳಬೇಡಿ, ಗೀರಬೇಡಿ, ಬಣ್ಣ ಹಚ್ಚಬೇಡಿ. ಅದು ಪುರಾತತ್ವ ಇಲಾಖೆ ಕಾಪಾಡುತ್ತಿರುವ ಜಾಗ, ಆಗಲೇ ಎಷ್ಟೋ ಬಂಡೆಗಳ ಮೇಲೆ ಜನ ಹೆಸರು ಕೆತ್ತಿ ಹಾಳು ಮಾಡಿದ್ದಾರೆ. ಕಣ್ಣಲ್ಲಿ ನೋಡಿ, ಪುಸ್ತಕದಲ್ಲಿ ಬರೆದುಕೊಳ್ಳಿ. ನಾವು ಒಂದು ಡ್ರಾಯಿಂಗ್ ಪುಸ್ತಕ ಒಯ್ದಿದ್ದೆವು, ಕಾಳುಗಳನ್ನು ಬರೆಯಲು ಅವಳು ಅರ್ಧ ಗಂಟೆ ತೆಗೆದುಕೊಂಡಳು.

ಪಾಕದ ಉಂಡೆ ನೋಡಿದ ಮಕ್ಕಳನ್ನು ಮರಡಿಹಳ್ಳಿಗೂ ಕರೆದುಕೊಂಡು ಹೋಗಿ. ಊರಿಂದ ಸುಮಾರು 16 ಕಿ.ಮೀ., ಹಿರಿಯೂರು ಕಡೆ ಐಮಂಗಲದ ಹತ್ತಿರ. ಸಮುದ್ರದೊಳಗೆ ಉಕ್ಕಿದ ಲಾವಾ ದಿಂಬು ಪೇರಿಸಿದಂತೆ ಕಲ್ಲಾಗಿ ನಿಂತಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಚಿತ್ರದುರ್ಗದ ಜಾಗ ಒಂದು ಕಾಲಕ್ಕೆ ನೀರಿನ ಅಡಿ ಇತ್ತು ಎಂದರೆ ಈ ಬಿಸಿಲಲ್ಲಿ ನಿಂತು ನಂಬುವುದು ನನಗೇ ಕಷ್ಟ ಆಯಿತು. ನೆರಳು ಕಡಿಮೆ, ನೀರು, ಟೋಪಿ ತೆಗೆದುಕೊಂಡು ಬೆಳಿಗ್ಗೆಯೇ ಹೋಗಿ. ಇಲ್ಲೂ ಕಲ್ಲು ಎತ್ತಿಕೊಂಡು ಬರುವ ಹಾಗಿಲ್ಲ.

ಈಗ ದುಡ್ಡಿನ ವಿಷಯ. ಬರೀ ಪೇಂಟಿಂಗ್ ಬೇಕು ಎನ್ನುವವರು ಇದನ್ನು ಕೊಳ್ಳಬೇಡಿ, ಸ್ಟೇಷನರಿ ಅಂಗಡಿಯಲ್ಲಿ ಬಣ್ಣ, ಬ್ರಷ್ ಇದಕ್ಕಿಂತ ಚೆನ್ನಾಗಿರುವುದು ಕಡಿಮೆಗೆ ಸಿಗುತ್ತದೆ. ಭೂತಗನ್ನಡಿ, ಅಯಸ್ಕಾಂತವೂ ಅಲ್ಲೇ ಇರುತ್ತವೆ. ಬಿಳಿ ಟೈಲ್ ಬೇಕಿದ್ದರೆ ಬಾತ್‌ರೂಮ್ ಟೈಲಿನ ಹಿಂಭಾಗ ಸಾಕು, ಹೊಳಪಿಲ್ಲದ ಭಾಗ. ನಮ್ಮ ಟೈಲ್ ಗೆರೆಗಳಿಂದ ತುಂಬಿಹೋದ ಮೇಲೆ ನಾವು ಅದನ್ನೇ ಬಳಸುತ್ತಿದ್ದೇವೆ. ಗ್ರಾನೈಟ್, ಬೆಣಚು, ಕೆಮ್ಮಣ್ಣು ನಮ್ಮ ಕಡೆ ಕಾಲಿಗೇ ತಾಗುತ್ತವೆ. ಆದರೆ ನೀರಲ್ಲಿ ತೇಲುವ ಪ್ಯೂಮಿಸ್, ಮ್ಯಾಗ್ನಟೈಟ್, ಬಳಪದ ಕಲ್ಲು, ಸ್ಲೇಟು ಎಲ್ಲವನ್ನೂ ಒಬ್ಬ ತಾಯಿ ಹುಡುಕಿ ಒಂದು ಕಡೆ ಸೇರಿಸುವುದು ಸುಲಭ ಅಲ್ಲ, ಅದಕ್ಕೆ ಈ ಟ್ರೇಗೆ ಬೆಲೆ ಇದೆ. ಪೇಂಟಿಂಗ್ ಇಲ್ಲದೆ ಬರೀ ಕಲ್ಲು ಮತ್ತು ಪರೀಕ್ಷೆ ಸಾಮಾನಿನ ಡಬ್ಬ ಕಡಿಮೆ ಬೆಲೆಗೆ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಏಳು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಬೇಡ, ಚೂರುಗಳು ಬಾಯಿಗೆ ಹೋಗುವಷ್ಟು ಸಣ್ಣವಿವೆ. ಮತ್ತೆ, ಡಬ್ಬ ಕೈಗೆ ಕೊಟ್ಟು ನೀವು ಮೊಬೈಲ್ ಹಿಡಿದು ಕೂತರೆ ಎರಡು ದಿನಕ್ಕೆ ಮೂಲೆ ಸೇರುತ್ತದೆ, ಜೊತೆಯಲ್ಲಿ ಕೂರಬೇಕು.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ.

ತಪ್ಪಾಗಿ ಬಂದಿದ್ದ ಆ ಬಿಳಿ ಕಲ್ಲನ್ನು ಮಗಳು ಎಸೆಯಲಿಲ್ಲ, ಎಂಟನೇ ಗುಳಿಯಲ್ಲೇ ಇನ್ನೊಂದು ಬೆಣಚಿನ ಜೊತೆ ಇಟ್ಟಿದ್ದಾಳೆ. ಹದಿಮೂರನೇ ಗುಳಿ ಇಲ್ಲವಾದ್ದರಿಂದ ಟ್ರೇ ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣದಲ್ಲಿ ಇನ್ನೊಂದು ಕಲ್ಲಿದೆ, ಅತ್ತೆ ಹಿತ್ತಲಿನಿಂದ ತಂದು ಕೊಟ್ಟ ಹಳೇ ಬೀಸೋಕಲ್ಲಿನ ಚೂರು. ಮೇಲೆ ತಾನೇ ಮಾಡಿದ ಕೆಂಪು ಬಣ್ಣದಲ್ಲಿ ಬರೆದಿದ್ದಾಳೆ: "ಅಜ್ಜಿ ಬೀಸೋಕಲ್ಲು. ಗ್ರಾನೈಟ್. ಗಾಜು ಗೀರುತ್ತೆ. ನೊರೆ ಬರಲ್ಲ."